ಅಂಟಿನುಂಡೆಯ ಗಸಗಸೆ ಮತ್ತು ಶಾರ್ಜಾದ ಕಸ್ಟಮ್ಸ್

ಅಕ್ಕನ ಬಾಣಂತನಕ್ಕೆ ಅಮ್ಮ ಶಾರ್ಜಾಕ್ಕೆ ಹೋಗಬೇಕಿತ್ತು. ಮಂಡಿನೋವು ಬಿಡಲಿಲ್ಲ. ಕೊನೆಗೆ ಎರಡು ವಾರದ ಮಟ್ಟಿಗೆ ನಾನು ಹೊರಟೆ. ನನ್ನ ಬಟ್ಟೆ ಒಂದು ಕೈಚೀಲದಲ್ಲಿ, ಅಮ್ಮನ ಬಾಣಂತಿ ಸಾಮಾನು ಒಂದು ದೊಡ್ಡ ಸೂಟ್‌ಕೇಸಿನಲ್ಲಿ. ಪ್ಯಾಕ್ ಮಾಡುವಾಗ ಅಂಟಿನುಂಡೆಯ ಡಬ್ಬಿ ಎತ್ತಿ ಪಕ್ಕಕ್ಕಿಟ್ಟೆ. ಅಲ್ಲಿಂದ ಶುರುವಾಯಿತು ಜಗಳ.

"ಯಾಕೋ, ಅದೇನು ಗಾಂಜಾನಾ? ನಿಮ್ಮಜ್ಜಿ ಕಾಲದಿಂದ ಗಸಗಸೆ ತಿಂತಾ ಇದೀವಿ, ಯಾರಿಗಾದ್ರೂ ಅಮಲೇರಿದ್ದು ನೋಡಿದೀಯಾ?"

ಹಬ್ಬದ ಮಧ್ಯಾಹ್ನ ಗಸಗಸೆ ಪಾಯಸ ಕುಡಿದು ನಮ್ಮ ಮನೆ ಗಂಡಸರೆಲ್ಲ ನಡುಮನೆಯಲ್ಲಿ ಸಾಲಾಗಿ ಉರುಳಿಕೊಳ್ಳುವುದನ್ನು ನೋಡಿದವನು ನಾನು. ಆದರೆ ಆ ಹೊತ್ತಿನಲ್ಲಿ ಅದನ್ನು ಹೇಳುವ ಧೈರ್ಯ ಬರಲಿಲ್ಲ.

ಗಸಗಸೆಯನ್ನು ಯುಎಇ ಒಳಗೆ ಒಯ್ಯುವಂತಿಲ್ಲ. ಸೌದಿ ಅರೇಬಿಯಾಕ್ಕೂ ಇಲ್ಲ. ಸಿಂಗಪುರದಲ್ಲೂ ಅದು ನಿಷೇಧಿತ ವಸ್ತು, ಅದನ್ನು ನೋಡಿಕೊಳ್ಳುವುದು ಅಲ್ಲಿನ ಮಾದಕವಸ್ತು ನಿಯಂತ್ರಣ ದಳ. ಸಿಂಗಪುರದಲ್ಲಿ ಚ್ಯೂಯಿಂಗ್ ಗಮ್ ಮಾರುವಂತಿಲ್ಲ ಅನ್ನೋದು ನಮ್ಮಲ್ಲಿ ಎಲ್ಲರಿಗೂ ಗೊತ್ತು, ಜೋಕ್ ಕೂಡ ಮಾಡ್ತೀವಿ. ಗಸಗಸೆಯ ವಿಷಯ ಗೊತ್ತಿರುವವರು ಕಡಿಮೆ. ವಿದೇಶದಲ್ಲಿ ಹೇಗಿರಬೇಕು ಅಂತ ಕೇಳಿದರೆ ಬಟ್ಟೆ ಹೀಗಿರಲಿ, ಕೈ ಹೀಗೆ ಕುಲುಕಿ, ರಂಜಾನ್‌ನಲ್ಲಿ ಹಗಲು ಹೊತ್ತು ಬೀದಿಯಲ್ಲಿ ನಿಂತು ತಿನ್ನಬೇಡಿ ಎಂದು ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಅವೆಲ್ಲ ಬೇಕು, ಸರಿ. ಆದರೆ ನಡತೆಯಲ್ಲಿ ತಪ್ಪಿದರೆ ಹೆಚ್ಚಿನ ಸಲ ಯಾರಾದರೂ ಮುಖ ಗಂಟು ಹಾಕಿಕೊಳ್ಳಬಹುದು, ಅಷ್ಟೇ. ಸೂಟ್‌ಕೇಸಿನಲ್ಲಿ ತಪ್ಪಿದರೆ ಕೂರಿಸಿ ಕೇಳುವವರು ಬೇರೆ.

ಇಷ್ಟು ಸಣ್ಣ ಬೀಜಕ್ಕೆ ಯಾಕಿಷ್ಟು ರಂಪ? ಗಸಗಸೆ ಅಂದರೆ ಅಫೀಮು ಗಿಡದ ಬೀಜ. ಬೇರೆ ಜಾತಿಯಲ್ಲ, ಅದೇ ಗಿಡ. ಹಸಿರು ಕಾಯನ್ನು ಗೀರಿದಾಗ ಒಸರುವ ಹಾಲು ಗಟ್ಟಿಯಾದರೆ ಅಫೀಮು. ಮಾರ್ಫಿನ್, ಕೊಡೀನ್ ಇರುವುದು ಅದರಲ್ಲಿ. ಕಾಯಿ ಒಣಗಿದ ಮೇಲೆ ಒಳಗಿನ ಬೀಜ ಉದುರಿಸಿಕೊಂಡರೆ ಗಸಗಸೆ. ಬೀಜದೊಳಗೆ ಮಾರ್ಫಿನ್ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಕೊಯ್ಲಿನಲ್ಲಿ ಕಾಯಿಯ ಹಾಲು, ಹೊಟ್ಟಿನ ಪುಡಿ ಬೀಜದ ಮೈಗೆ ಅಂಟಿಕೊಳ್ಳುತ್ತದೆ. ಎಷ್ಟು ಅಂಟಿದೆ ಅನ್ನೋದು ಬೆಳೆ ಮತ್ತು ಕೊಯ್ಲಿನ ಮೇಲೆ ಹೋಗುತ್ತದೆ. ತೊಳೆದರೆ, ಹುರಿದರೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುತ್ತದೆ ಅಂತಿಲ್ಲ.

ಎಂಜಿನಿಯರಿಂಗ್ ಓದಿದ ಚಟ, ಇಲ್ಲಿ ಒಂದು ಅಂಕಿ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಸರ್ಕಾರಿ ನೌಕರರ ಮೂತ್ರಪರೀಕ್ಷೆಯಲ್ಲಿ ಒಂದು ಮಿಲಿಲೀಟರಿಗೆ 300 ನ್ಯಾನೋಗ್ರಾಂ ಮಾರ್ಫಿನ್ ಕಂಡರೆ ಅನುಮಾನ ಎಂದಿತ್ತು. ಗಸಗಸೆ ಹಾಕಿದ ಬನ್ ತಿಂದವರೂ ಸಿಕ್ಕಿಬೀಳತೊಡಗಿದ್ದರು. 1998ರಲ್ಲಿ ಆ ಮಿತಿಯನ್ನು 2000ಕ್ಕೆ ಏರಿಸಿದರು. ಹಾಗಿದ್ದೂ 2023ರಲ್ಲಿ ಅಲ್ಲಿನ ರಕ್ಷಣಾ ಇಲಾಖೆ ತನ್ನ ಸೈನಿಕರಿಗೆ ಗಸಗಸೆ ತಿನ್ನಬೇಡಿ ಎಂದು ಸೂಚಿಸಿತು. ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬುದು ಆಯಾ ದೇಶದ ತೀರ್ಮಾನ. ಅಮೆರಿಕ ಒಂದು ಅಂಕಿಯಲ್ಲಿ ಎಳೆಯಿತು, ಯುಎಇ ಬೀಜವೇ ಬೇಡ ಎಂದಿತು.

ನಮ್ಮ ದೇಶ? ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ರೈತರು ಕೇಂದ್ರ ಸರ್ಕಾರದ ಪರವಾನಗಿ ಪಡೆದು ಅಫೀಮು ಬೆಳೆಯುತ್ತಾರೆ. 1985ರ ಮಾದಕವಸ್ತು ಕಾಯ್ದೆ, ಅಂದರೆ ಎನ್‌ಡಿಪಿಎಸ್, ಕೊಯ್ಲಾದ ಅಫೀಮು ಗಿಡದ ಭಾಗಗಳನ್ನೆಲ್ಲ ಹಿಡಿತದಲ್ಲಿಟ್ಟು, ಬೀಜವನ್ನು ಮಾತ್ರ ಹೊರಗಿಟ್ಟಿದೆ. ಆ ಒಂದು ವಿನಾಯಿತಿಯಿಂದ ನಮ್ಮ ಪಾಯಸ ಪಾಯಸವಾಗಿ ಉಳಿದಿದೆ. ವಿಮಾನ ಹತ್ತಿ ಇಳಿದ ಮೇಲೆ ಆ ವಿನಾಯಿತಿ ನಿಮ್ಮ ಜೊತೆ ಇಳಿಯುವುದಿಲ್ಲ.

ಪೊಟ್ಟಣದಲ್ಲಿರುವ ಗಸಗಸೆಯನ್ನು ಹೊರಗಿಡುವುದು ಸುಲಭ. ಕಷ್ಟ ಇರುವುದು ಕಾಣದ ಗಸಗಸೆಯದು: ಅಂಟಿನುಂಡೆ, ಕರ್ಜಿಕಾಯಿಯ ಹೂರಣ, ಅತ್ರಾಸದ ಮೈಮೇಲೆ, ಸಾಗುವಿನ ಮಸಾಲೆ, ಮಟನ್ ಸಾರಿನ ಪುಡಿ. ಅಂಗಡಿಯ ಮಸಾಲೆ ಪ್ಯಾಕೆಟ್ಟಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಮನೆಯ ಡಬ್ಬಿಯ ಮೇಲೆ ಯಾರು ಬರೆಯುತ್ತಾರೆ? ಮಾತ್ರೆಗಳದ್ದೂ ಇದೇ ಕತೆ. ಕೊಡೀನ್ ಇರುವ ಕೆಮ್ಮಿನ ಸಿರಪ್, ನೋವಿನ ಟ್ರಮಡಾಲ್, ನಿದ್ದೆಗೆ ತೆಗೆದುಕೊಳ್ಳುವ ಅಲ್‌ಪ್ರಜೋಲಮ್ ಇವೆಲ್ಲ ಯುಎಇಯಲ್ಲಿ ನಿಯಂತ್ರಿತ ಔಷಧಿಗಳು. ಹೊರಡುವ ಮೊದಲೇ ಅಲ್ಲಿನ ಸರ್ಕಾರದಿಂದ ಆನ್‌ಲೈನ್ ಅನುಮತಿ ಪಡೆಯಬೇಕು, ಡಾಕ್ಟರ ಚೀಟಿ ಕೈಯಲ್ಲಿರಬೇಕು. ಅರ್ಜಿ ಹಾಕುವುದು ದೊಡ್ಡ ಕೆಲಸವೇನಲ್ಲ, ನೆನಪಾಗಬೇಕಷ್ಟೆ.

"ಗೊತ್ತಿರಲಿಲ್ಲ ಸಾರ್" ಅಂದರೆ ಬಿಡುತ್ತಾರಾ? ಸಿಂಗಪುರದ ಕಾನೂನಿನಲ್ಲಿ ನಿಮ್ಮ ವಶದಲ್ಲಿ ಮಾದಕವಸ್ತು ಸಿಕ್ಕರೆ ಅದು ಏನೆಂದು ನಿಮಗೆ ಗೊತ್ತಿತ್ತು ಅಂತಲೇ ಲೆಕ್ಕ. ಗೊತ್ತಿರಲಿಲ್ಲ ಎಂದು ಸಾಬೀತು ಮಾಡುವ ಹೊರೆ ನಿಮ್ಮದು. ಎಂಥ ಕ್ರೂರ ಕಾನೂನು ಅನ್ನುವ ಮೊದಲು ನಮ್ಮ ಎನ್‌ಡಿಪಿಎಸ್‌ನ 35ನೇ ಕಲಮು ನೋಡಿ, ಅದೂ ಹೆಚ್ಚುಕಮ್ಮಿ ಇದನ್ನೇ ಹೇಳುತ್ತದೆ. ನಮ್ಮಲ್ಲಿಗೆ ಬರುವ ವಿದೇಶಿ ಚಾರಣಿಗರು ಬೆಟ್ಟದಲ್ಲಿ ದಾರಿ ತಪ್ಪಿದರೆ ಬೇಕಾದೀತೆಂದು ಸ್ಯಾಟಲೈಟ್ ಸಂದೇಶದ ಉಪಕರಣ ತಂದು, ಅನುಮತಿಯಿಲ್ಲವೆಂದು ನಮ್ಮ ವಿಮಾನ ನಿಲ್ದಾಣಗಳಲ್ಲಿ ಸಿಕ್ಕಿಬೀಳುತ್ತಾರೆ. ಅವರ ಊರಿನಲ್ಲಿ ಅದು ಅಂಗಡಿಯಲ್ಲಿ ಸಿಗುವ ಸಾಮಾನು, ನಮ್ಮ ಗಸಗಸೆಯ ಹಾಗೆ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಇನ್ನೊಬ್ಬರ ಪೊಟ್ಟಣ. 2019ರಲ್ಲಿ ಮುಂಬೈನ ದಂಪತಿ ದೋಹಾಕ್ಕೆ ಹೋದರು. ಸಂಬಂಧಿಕರೊಬ್ಬರು ಕೊಟ್ಟು ಕಳಿಸಿದ ಪೊಟ್ಟಣದಲ್ಲಿ ಸುಮಾರು 4 ಕೆ.ಜಿ. ಹಶೀಶ್ ಇತ್ತು. ಹತ್ತು ವರ್ಷ ಶಿಕ್ಷೆಯಾಯಿತು. ಆಕೆ ಆಗ ಗರ್ಭಿಣಿ, ಮಗು ಹುಟ್ಟಿದ್ದು ಜೈಲಿನಲ್ಲಿ. ಅವರು ಮೋಸ ಹೋದವರು ಎಂದು ಇಲ್ಲಿನ ತನಿಖೆಯಲ್ಲಿ ಗೊತ್ತಾಗಿ, ಅಲ್ಲಿನ ಕೋರ್ಟಿನಲ್ಲಿ ಖುಲಾಸೆಯಾಗಿ, ಮನೆಗೆ ಮರಳುವಾಗ 2021ರ ಏಪ್ರಿಲ್. ಕರ್ಜಿಕಾಯಿಗೂ ಹಶೀಶಿಗೂ ಹೋಲಿಕೆಯಿಲ್ಲ, ಒಪ್ಪುತ್ತೇನೆ. ಆದರೆ ಎರಡೂ ಸೂಟ್‌ಕೇಸಿನೊಳಕ್ಕೆ ಬರುವ ದಾರಿ ಒಂದೇ. ಕೊಟ್ಟವರು ನಮ್ಮವರು, ಬಿಚ್ಚಿ ನೋಡಿದರೆ ಮರ್ಯಾದೆಯಲ್ಲ.

ನಾನು ಹೊರಡುವ ಹಿಂದಿನ ಸಂಜೆ ನಮ್ಮ ಬೀದಿಯ ಆಂಟಿಯೊಬ್ಬರು ದುಬೈಯಲ್ಲಿರುವ ಮಗನಿಗೆಂದು ಟೇಪ್ ಸುತ್ತಿದ ಡಬ್ಬಿ ತಂದರು. ಏನಿದೆ ಅಂದೆ. "ತಿಂಡಿ ಕಣಪ್ಪ." ಬಿಚ್ಚಲಾ ಅಂದೆ. ಅವರ ಮುಖ ಸಣ್ಣಗಾಯಿತು. ಅಮ್ಮ ಒಳಮನೆಯಿಂದಲೇ ಕಣ್ಣು ಬಿಟ್ಟರು. ಕರ್ಜಿಕಾಯಿ ಇತ್ತು, ಹೂರಣಕ್ಕೆ ಗಸಗಸೆ ಹಾಕಿದ್ದರು. ಕೈಮುಗಿದು ವಾಪಸ್ ಕೊಟ್ಟೆ. ಇವತ್ತಿಗೂ ಅವರು ದಾರಿಯಲ್ಲಿ ಸಿಕ್ಕರೆ ಅಮ್ಮನನ್ನು ಮಾತಾಡಿಸುತ್ತಾರೆ, ನನ್ನನ್ನಲ್ಲ. ಅವರ ಮಗ ಮಾತ್ರ ದುಬೈಯಿಂದ ಮೆಸೇಜ್ ಕಳಿಸಿದ್ದ: "ತರದೆ ಇದ್ದದ್ದೇ ಒಳ್ಳೇದಾಯ್ತು ಅಣ್ಣ. ನಾನು ಹೇಳಿದ್ರೆ ಅಮ್ಮ ಕೇಳಲ್ಲ."

ಅಮ್ಮ ಆ ರಾತ್ರಿ ಗೊಣಗುತ್ತಲೇ ಗಸಗಸೆ ಬಿಟ್ಟು ಇನ್ನೊಂದು ಪಾಕ ಉಂಡೆ ಕಟ್ಟಿದರು. ಶಾರ್ಜಾದಲ್ಲಿ ಅಕ್ಕ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು, ಏನೋ ಕಮ್ಮಿಯಾಗಿದೆ ಅಂದಳು.