ಸ್ಲ್ಯಾಬ್ ಮೊದಲೋ, ಬಣ್ಣ ಮೊದಲೋ? ಊರಲ್ಲಿ ಮನೆ ಕಟ್ಟಿಸೋರಿಗೊಂದು ಬಾಣದ ನಕ್ಷೆ

ಮನೆ ಕಟ್ಟಿಸ್ತಿರೋ ಯಾವುದೇ ಕುಟುಂಬದ ವಾಟ್ಸ್‌ಆ್ಯಪ್ ಗ್ರೂಪ್ ತೆಗೆದು ನೋಡಿ. ಹಾಲ್‌ಗೆ ಯಾವ ಬಣ್ಣ ಅನ್ನೋದಕ್ಕೆ ನೂರು ಮೆಸೇಜ್ ಇರುತ್ತೆ. ಸ್ಲ್ಯಾಬ್ ಹಾಕೋ ಮುಂಚೆ ಕರೆಂಟಿನ ಪೈಪ್ ಇಡೋನು ಯಾವತ್ತು ಬರ್ತಾನೆ ಅನ್ನೋದಕ್ಕೆ ಒಂದೂ ಇರಲ್ಲ. ಬಣ್ಣ ಇನ್ನೂ ಎರಡು ತಿಂಗಳ ಆಚೆಯ ಮಾತು. ಪೈಪಿನವನು ಒಂದು ದಿನ ಬರದಿದ್ರೆ ಇಡೀ ಮನೆ ಒಂದು ದಿನ ನಿಂತುಬಿಡುತ್ತೆ.

ಆಫೀಸಿನಲ್ಲಿ ನಿಮ್ಮಲ್ಲಿ ಹಲವರು ಇದನ್ನೇ ಬೇರೆ ರೂಪದಲ್ಲಿ ದಿನಾ ನೋಡ್ತೀರಿ. ಜಿರಾದಲ್ಲಿ ಒಂದು ಟಿಕೆಟ್ ಇನ್ನೊಂದನ್ನು 'ಬ್ಲಾಕ್' ಮಾಡುತ್ತೆ. ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನಲ್ಲಿ 'ನೆಟ್‌ವರ್ಕ್ ಡಯಾಗ್ರಾಮ್' ಅಂತಲೇ ಒಂದು ನೋಟ ಇದೆ. ಪ್ರತಿ ಕೆಲಸಕ್ಕೊಂದು ಚೌಕ, ಯಾವುದು ಮುಗಿದ ಮೇಲೆ ಯಾವುದು ಅಂತ ತೋರಿಸೋಕೆ ಬಾಣ. ಡಿಪೆಂಡೆನ್ಸಿ ಮ್ಯಾಪ್ ಅಂದ್ರೆ ಇಷ್ಟೇ. ಆದ್ರೆ ಐವತ್ತು ಚೌಕ ಇರೋ ನಕ್ಷೆ ಮೊಬೈಲಿನಲ್ಲಿ ತೆರೆದ ಕೂಡಲೇ ಅದು ಇರುವೆ ಸಾಲಿನ ಹಾಗೆ ಕಾಣುತ್ತೆ. ಎರಡು ಬೆರಳಲ್ಲಿ ದೊಡ್ಡದು ಮಾಡಿದ್ರೆ ಒಂದೇ ಚೌಕ, ಚಿಕ್ಕದು ಮಾಡಿದ್ರೆ ಬರೀ ಗೆರೆ. ಇದರಲ್ಲಿ ಇವತ್ತಿನ ಕೆಲಸ ಯಾವುದು ಅಂತ ಹುಡುಕೋದು ಹೇಗೆ?

ಕಲಘಟಗಿ ತಾಲೂಕಿನ ಮಿಶ್ರಿಕೋಟಿಯಲ್ಲಿ ಒಂದು ಮನೆ ಏಳ್ತಿದೆ ಅಂತ ಇಟ್ಕೊಳ್ಳಿ. ನೀವು ಬೆಂಗಳೂರಿನಲ್ಲಿ, ಅಪ್ಪ-ಅವ್ವ ಊರಲ್ಲಿ. ಹಳೇ ಮಣ್ಣಿನ ಮನೆ ಕೆಡವಿ ಆಗಿದೆ. ಇಬ್ಬರೂ ಹಿತ್ತಲಿನ ತಗಡಿನ ಶೆಡ್‌ನಲ್ಲಿ ಜೋಳದ ಚೀಲಗಳ ಪಕ್ಕ ಮಲಗ್ತಿದ್ದಾರೆ. ಇವತ್ತು ಏಪ್ರಿಲ್ 10. ಗೋಡೆ ಲಿಂಟಲ್‌ವರೆಗೆ ಎದ್ದಿದೆ. ಜೂನ್ ಮೊದಲ ವಾರ ದಾಟಿದ್ರೆ ಮಳೆ ಯಾವತ್ತಾದ್ರೂ ಬರಬಹುದು. ಮಳೆ ಬಿದ್ರೆ ಬಿತ್ತಿಗೆ ಶುರು. ಸೋಯಾ, ಗೋವಿನಜೋಳ ಬಿತ್ತೋಕೆ ಹೊಲಕ್ಕೆ ಹೋದ ಕೂಲಿಯವರು ಇಟ್ಟಿಗೆ ಹೊರೋಕೆ ಬರಲ್ಲ. ಅಪ್ಪನೂ ಬರಲ್ಲ. ಈ ಬಾಣ ಯಾವ ಸಾಫ್ಟ್‌ವೇರಿನ ಟೆಂಪ್ಲೇಟ್‌ನಲ್ಲೂ ಇರಲ್ಲ, ನೀವೇ ಎಳೀಬೇಕು.

ನಕ್ಷೆ ಓದೋದು ಕೊನೆಯಿಂದ. ಜೂನ್ 5ರೊಳಗೆ ಬಾಗಿಲು ಕೂತು, ಒಳಗೆ ಮಲಗೋ ಹಾಗೆ ಆಗಬೇಕು. ಆ ಚೌಕದ ಮೇಲೆ ಬೆರಳಿಟ್ಟು ಹಿಂದಕ್ಕೆ ನಡೀರಿ. ಬಾಗಿಲು ಕೂರಿಸೋಕೆ 2 ದಿನ. ಅದಕ್ಕೂ ಮುಂಚೆ ಫರಸಿ, 8 ದಿನ. ಫರಸಿಗೆ ಮುಂಚೆ ಒಳಗಿನ ಗಿಲಾವು, 12 ದಿನ. ಗಿಲಾವು ಮಾಡಬೇಕಾದ್ರೆ ಸ್ಲ್ಯಾಬಿನ ಕೆಳಗಿನ ಕಂಬ ತೆಗೆದಿರಬೇಕು, ಅದಕ್ಕೆ 14 ದಿನ. ಸ್ಲ್ಯಾಬ್ ಹಾಕೋದು 1 ದಿನ, ಅದರ ಹಿಂದಿನ ದಿನ ಕರೆಂಟಿನ ಪೈಪ್. ಅದರ ಹಿಂದೆ ಕಬ್ಬಿಣ ಕಟ್ಟೋದು 4, ಸೆಂಟ್ರಿಂಗ್ 5, ಲಿಂಟಲ್ ಮೇಲಿನ ಇಟ್ಟಿಗೆ ಕೆಲಸ 5. ಕೂಡಿಸಿದ್ರೆ 52 ದಿನ. ಲೆಕ್ಕ ಸುಲಭ ಆಗ್ಲಿ ಅಂತ ರಜೆ ಹಿಡಿದಿಲ್ಲ. ಇವತ್ತೇ ಶುರುವಾದ್ರೆ ಮೇ 31ಕ್ಕೆ ಬಾಗಿಲು ಕೂರುತ್ತೆ. ಕೈಯಲ್ಲಿ ಉಳಿಯೋದು 5 ದಿನ.

ಹೀಗೆ ಹಿಂದಿನಿಂದ ನಡೆದಾಗ ಸಿಗೋ ಅತಿ ಉದ್ದದ ಸರಪಳಿಗೇ 'ಕ್ರಿಟಿಕಲ್ ಪಾತ್' ಅಂತಾರೆ. ಹೆಸರು ಹಳೇದು. 1957ರ ಹೊತ್ತಿಗೆ ಅಮೆರಿಕದ ಡುಪಾಂಟ್ ಕಂಪನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ‍್ಯಾಂಡ್‌ನ ಜೇಮ್ಸ್ ಕೆಲ್ಲಿ ಸೇರಿ ಈ ಲೆಕ್ಕ ಕಟ್ಟಿದ್ರು. ಮರುವರ್ಷ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿಗೋಸ್ಕರ 'ಪರ್ಟ್' ಅನ್ನೋ ಇದರ ಅಣ್ಣತಮ್ಮನನ್ನು ತಂದಿತು. ಕ್ಷಿಪಣಿಗೆ ಸಾವಿರಾರು ಚೌಕ ಬೇಕಿತ್ತು, ಮಿಶ್ರಿಕೋಟಿ ಮನೆಗೆ ನಲವತ್ತು ಸಾಕು. ಕೂಡೋ ಲೆಕ್ಕ ಮಾತ್ರ ಒಂದೇ.

ಈಗ ಆಯ್ಕೆಗೆ ಬರೋಣ. ಏಪ್ರಿಲ್ 10ರ ಬೆಳಿಗ್ಗೆ ಗೌಂಡಿ ಇಟ್ಟಿಗೆ ಶುರು ಮಾಡಿದ್ದಾನೆ. ಉಳಿದ ಚೌಕಗಳಲ್ಲಿ ಯಾವುದನ್ನು ಇವತ್ತು ಹಿಡೀಬಹುದು? ಹಿಂದಿನ ಬಾಣ ಬಾಕಿ ಇಲ್ಲದ ಚೌಕಗಳನ್ನಷ್ಟೇ ಫಿಲ್ಟರ್ ಮಾಡಿ. ನಾಲ್ಕು ಉಳಿದವು ಅನ್ನಿ: ಹುಬ್ಬಳ್ಳಿಗೆ ಹೋಗಿ ಫರಸಿ ಆರಿಸೋದು, ಕಾಂಪೌಂಡ್ ಗೋಡೆ, ಬಡಿಗೇರನಿಗೆ ಬಾಗಿಲು ಹೇಳೋದು, ಬ್ಯಾಂಕಿನ ಮುಂದಿನ ಕಂತಿಗೆ ಇಂಜಿನಿಯರ್ ಸಹಿ ಹಾಕಿಸೋದು.

ಮನಸ್ಸು ಫರಸಿ ಕಡೆ ಓಡುತ್ತೆ. ಅವ್ವನಿಗೂ ಅದೇ ಇಷ್ಟ, ಅಂಗಡಿಯಲ್ಲಿ ಚಹಾ ಕೊಡ್ತಾರೆ. ಆದ್ರೆ ಫರಸಿ ಬೇಕಾಗಿರೋದು ಮೇ 22ಕ್ಕೆ. ಕಾಂಪೌಂಡ್ ಗೋಡೆಯ ಚೌಕ ಒತ್ತಿ ನೋಡಿ, ಅದರಿಂದ ಮುಂದಕ್ಕೆ ಒಂದೂ ಬಾಣ ಹೊರಡಲ್ಲ. ಮಳೆಗಾಲ ಮುಗಿದ ಮೇಲೆ ಕಟ್ಟಿದ್ರೂ ಯಾರ ನಿದ್ದೆಯೂ ಕೆಡಲ್ಲ. ಬಾಗಿಲ ಕೆಲಸ 21 ದಿನದ್ದು, ಮೇ 9ಕ್ಕೆ ಶುರುವಾದ್ರೂ ನಡೆಯುತ್ತೆ. ಇಷ್ಟು ಪುರುಸೊತ್ತಿಗೆ ಇಂಗ್ಲಿಷಿನವರು ಫ್ಲೋಟ್ ಅಂತಾರೆ.

ಉಳಿದದ್ದು ಇಂಜಿನಿಯರ್ ಸಹಿ. ಅರ್ಧ ಗಂಟೆ ಕೆಲಸ, ನಕ್ಷೆಯಲ್ಲಿ ಅತಿ ಚಿಕ್ಕ ಚೌಕ. ಆದ್ರೆ ಮುಂದಕ್ಕೆ ಒತ್ತುತ್ತಾ ಹೋಗಿ. ಸಹಿ ಆದ್ರೆ ಅರ್ಜಿ, ಅರ್ಜಿ ಆದ್ರೆ ಕಂತು, ಕಂತು ಬಂದ್ರೆ ಕಬ್ಬಿಣ. ಕಂತು ಬರೋಕೆ 10 ದಿನ ಹಿಡಿಯುತ್ತೆ ಅಂದ್ಕೊಂಡ್ರೆ, ಇಟ್ಟಿಗೆ ಮತ್ತು ಸೆಂಟ್ರಿಂಗ್ ಮುಗಿಯೋದೂ ಸರಿಯಾಗಿ ಹತ್ತನೇ ದಿನಕ್ಕೆ. ಅಂದ್ರೆ ಈ ಅರ್ಧ ಗಂಟೆಯ ಕೆಲಸ ಇವತ್ತು ಬಿಟ್ರೆ, ಏಪ್ರಿಲ್ 20ಕ್ಕೆ ಸೆಂಟ್ರಿಂಗ್ ಮೇಲೆ ಕಬ್ಬಿಣ ಇರಲ್ಲ, ಕಟ್ಟೋರು ಬೀಡಿ ಸೇದ್ತಾ ಕೂತಿರ್ತಾರೆ. ಚೌಕದ ಗಾತ್ರ ನೋಡಿ ಕೆಲಸ ಆರಿಸಬಾರದು, ಅದರಿಂದ ಹೊರಡೋ ಸರಪಳಿ ನೋಡಿ ಆರಿಸಬೇಕು ಅಂತ ನಾನು ಹೇಳ್ತಿರೋದು ಇದಕ್ಕೇ. ಇಂಥ ಕೆಲಸಗಳಲ್ಲಿ ಬಹಳಷ್ಟು ಬೆಂಗಳೂರಲ್ಲಿ ಕೂತೇ ಮುಗಿಯುತ್ತವೆ ಅನ್ನೋದೂ ನಕ್ಷೆ ನೋಡಿದಾಗ್ಲೇ ಗೊತ್ತಾಗೋದು.

ಬಾಣಗಳನ್ನು ಮಾತ್ರ ಕಣ್ಣು ಮುಚ್ಚಿ ನಂಬಬೇಡಿ. ಕೆಲವು ನಿಜವಾದವು, ಕೆಲವು ಬರೀ ರೂಢಿ. ಸ್ಲ್ಯಾಬಿನ 14 ದಿನ ನಿಜವಾದದ್ದು. ಕಾಂಕ್ರೀಟಿಗೆ ಇರೋ ಐಎಸ್ 456 ಅನ್ನೋ ನಮ್ಮ ದೇಶದ ಮಾನದಂಡದ ಪ್ರಕಾರ, ಸಾದಾ ಸಿಮೆಂಟಿನ ಸ್ಲ್ಯಾಬ್‌ನ ಅಗಲ 4.5 ಮೀಟರ್‌ವರೆಗಿದ್ರೆ ಕಂಬ ಕನಿಷ್ಠ 7 ದಿನ ನಿಲ್ಲಬೇಕು, ಅದಕ್ಕಿಂತ ಹೆಚ್ಚಿದ್ರೆ 14 ದಿನ. ನೀರುಣಿಸೋದೂ ಹಾಗೇ: ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ, ಒಣ ಬಿಸಿಲಿನ ಹವೆಯಲ್ಲಿ 10, ಹಾರುಬೂದಿ ಬೆರೆಸಿದ ಸಿಮೆಂಟಾದ್ರೆ 14ರವರೆಗೆ ಮುಂದುವರಿಸಿ ಅನ್ನುತ್ತೆ. ಏಪ್ರಿಲ್‌ನ ಬಿಸಿಲಲ್ಲಿ ಇದನ್ನು ಕಡಿಮೆ ಮಾಡೋ ಮಾತು ಯಾರಾದ್ರೂ ಎತ್ತಿದ್ರೆ, ಅವರು ಮಾವನೇ ಆಗಿರ್ಲಿ, ಒಪ್ಪಬೇಡಿ.

ಆದ್ರೆ 'ಗಿಲಾವು ಮುಗದ ಮ್ಯಾಲೆ ಬಡಿಗ್ಯಾರಗ ಹೇಳೂಣು' ಅನ್ನೋ ಬಾಣ ರೂಢಿಯದ್ದು. ಬಾಗಿಲು ಕೂರಿಸೋಕೆ ಗಿಲಾವು ಬೇಕು, ಮಾಡೋಕೆ ಬೇಡ. ಪ್ರತಿ ಬಾಣಕ್ಕೂ ಒಂದು ಪ್ರಶ್ನೆ ಕೇಳಿ: ಹಿಂದಿನದು ಆಗದಿದ್ರೆ ಇದು ಆಗೋದೇ ಇಲ್ವಾ, ಅಥವಾ ಆಗುತ್ತೆ ಆದ್ರೆ ಸ್ವಲ್ಪ ಕಿರಿಕಿರಿನಾ? ಎರಡನೇದಾದ್ರೆ ಬಾಣ ಅಳಿಸಿ.

ಇನ್ನು ಎಳೆಯದೇ ಬಿಟ್ಟ ಬಾಣಗಳು. ಇವು ಹೆಚ್ಚು ಅಪಾಯ. ಸ್ಲ್ಯಾಬ್ ಹಾಕಿ ಆದ ಮೇಲೆ ಫ್ಯಾನಿನ ಹುಕ್ಕು, ಪೈಪು ನೆನಪಾದ್ರೆ ಉಳಿಯೋದು ಕಾಂಕ್ರೀಟ್ ಒಡೆಯೋದು ಅಥವಾ ಚಾವಣಿ ತುಂಬ ಪ್ಲಾಸ್ಟಿಕ್ ಪಟ್ಟಿ ಹೊಡೆಯೋದು. ಈ ಬಾಣಗಳು ಆ್ಯಪ್‌ನಲ್ಲಿ ಸಿಗಲ್ಲ. ಗೌಂಡಿಗೆ ಗೊತ್ತು, ಅವ್ವನಿಗೂ ಗೊತ್ತು. ಹಿಟ್ಟು ನಾದೋ ಮುಂಚೆ ಒಲೆ ಮೇಲೆ ಬ್ಯಾಳಿ ಇಡೋ ಕೈ ಅದು. ನಕ್ಷೆ ಮುಗಿಸೋ ಮುಂಚೆ ಅವರಿಬ್ಬರಿಗೂ ಒಂದೊಂದೇ ಚೌಕ ಓದಿ ಹೇಳಿ, 'ಇದಕ್ಕಿಂತ ಮೊದಲ ಏನಾಗಬೇಕ್ರಿ?' ಅಂತ ಕೇಳಿ. ಅರ್ಧ ಗಂಟೆ ಫೋನ್ ಕಾಲ್.

ನಕ್ಷೆಯ ಸ್ಕ್ರೀನ್‌ಶಾಟ್ ಮಾತ್ರ ಅಪ್ಪನಿಗೆ ಕಳಿಸಬೇಡಿ. ಅವರಿಗೆ ಬೇಕಿರೋದು ಆ ದಿನದ ಒಂದು ಸಾಲು. 'ಅಪ್ಪಾ, ಇವತ್ತ ಕರೆಂಟಿನ ಮಂದಿಗೆ ಫೋನ್ ಹಚ್ಚಿ 24ಕ್ಕ ಬರ್ತಾರೇನು ಕೇಳ್ರಿ.' ಉತ್ತರ ಬರುತ್ತೆ: 'ಅವ ಜಾತ್ರಿಗೆ ಹೊಂಟಾನ ತಮ್ಮಾ, 27ಕ್ಕ ಬರ್ತಾನಂತ.'

ಈಗ ಫೋನಲ್ಲಿ ಆ ಚೌಕವನ್ನು 27ಕ್ಕೆ ಎಳೀರಿ. ಮೇ 31 ಇದ್ದದ್ದು ಜೂನ್ 3 ಆಯ್ತು. ಐದು ದಿನದ ಪುರುಸೊತ್ತಿನಲ್ಲಿ ಮೂರು ಹೋದವು. ಕಂಬದ 14 ದಿನ ಮುಟ್ಟೋ ಹಾಗಿಲ್ಲ. ಮುಟ್ಟಬಹುದಾದ್ದು ಗಿಲಾವು: ಇನ್ನೊಬ್ಬ ಗೌಂಡಿ ಸೇರಿದ್ರೆ 12 ದಿನದ್ದು 9ಕ್ಕೆ ಇಳಿಯಬಹುದು. ಅಪ್ಪನಿಗೆ ಅದನ್ನಷ್ಟೇ ಕೇಳಿ. 'ಕಲಘಟಗಿಯಿಂದ ಒಬ್ಬವನ್ನ ಕರಸ್ತೀನಿ, ಆದ್ರ ದಿನಕ್ಕ ನೂರು ರೂಪಾಯಿ ಜಾಸ್ತಿ ಕೇಳ್ತಾನ' ಅಂತಾರೆ. ಒಂಬತ್ತು ದಿನದ ಆ ದುಡ್ಡು ಕೊಡೋದೋ, ಎರಡೇ ದಿನದ ಪುರುಸೊತ್ತಲ್ಲಿ ಮೋಡ ನೋಡ್ತಾ ಕೂರೋದೋ, ಅದನ್ನು ಸಂಜೆ ಗ್ರೂಪ್‌ನಲ್ಲಿ ಮಾತಾಡಿ. ಹಾಲಿನ ಬಣ್ಣ ಆಮೇಲೆ.