ಹೋಟೆಲಿನ ಕೋಣೆಯಲ್ಲಿ ಗ್ರೀಕ್ ಮೇಷ್ಟರ ಆಯ್ಕೆ

ಎಡ್ವರ್ಡ್ ಎವರೆಟ್ 1815ರಲ್ಲಿ ಹಾರ್ವರ್ಡ್‌ನ ಗ್ರೀಕ್ ಪ್ರಾಧ್ಯಾಪಕನಾದಾಗ ವಯಸ್ಸು 21ರ ಆಸುಪಾಸು. ಬಾಸ್ಟನ್ನಿನಲ್ಲಿ ಪ್ರವಚನದಿಂದ ಹೆಸರು ಮಾಡಿದ್ದ ತರುಣ ಪಾದ್ರಿ. ಇವತ್ತಿನಂಥ ಜಾಹೀರಾತು, ಅರ್ಜಿ, ಸಂದರ್ಶನಗಳ ಏರ್ಪಾಡು ಆಗ ಇರಲಿಲ್ಲ. ಕಾಲೇಜೇ ಕರೆದು ಕುರ್ಚಿ ಕೊಟ್ಟಿತು. ಕೊಟ್ಟ ಮೇಲೆ, ಸಂಬಳವನ್ನೂ ಕೊಡುತ್ತ, ಯುರೋಪಿಗೆ ಹೋಗಿ ಗ್ರೀಕನ್ನು ಚೆನ್ನಾಗಿ ಕಲಿತು ಬಾ ಎಂದು ಕಳಿಸಿತು. 1817ರಲ್ಲಿ ಜರ್ಮನಿಯ ಗಟ್ಟಿಂಗೆನ್‌ನಲ್ಲಿ ಪಿಎಚ್‌.ಡಿ. ಪಡೆದ ಎವರೆಟ್, ಪಾಠ ಶುರುಮಾಡಿದ್ದು 1819ರಲ್ಲಿ. ಮೊದಲು ನೌಕರಿ, ಆಮೇಲೆ ಓದು. ಇಂದು ಅಮೆರಿಕದಲ್ಲಿ ಗ್ರೀಕ್, ಲ್ಯಾಟಿನ್ ಓದಿದವರು ಆರೇಳು ವರ್ಷ ಪಿಎಚ್‌.ಡಿ. ಮಾಡಿ, ಒಂದು ವರ್ಷದ ತಾತ್ಕಾಲಿಕ ಹುದ್ದೆಗೂ ಊರೂರು ಅಲೆಯುತ್ತಾರೆ. ಈ ತಿರುವುಮುರುವು ಒಂದೇ ದಿನದಲ್ಲಿ ಆದದ್ದಲ್ಲ.

ಬೇರು ಇರುವುದು ಜರ್ಮನಿಯಲ್ಲಿ. ಅಲ್ಲಿ ಬಹುಕಾಲ ಗ್ರೀಕ್ ಕಲಿಯುವುದೆಂದರೆ ಪಾದ್ರಿಯಾಗುವುದಕ್ಕೆ ಒಂದು ಮೆಟ್ಟಿಲು ಅಷ್ಟೇ. ಫ್ರೀಡ್ರಿಕ್ ಔಗುಸ್ಟ್ ವೋಲ್ಫ್ ಅದನ್ನು ಬಿಡಿಸಿದರು. 1787ರಲ್ಲಿ ಹಾಲೆ ವಿಶ್ವವಿದ್ಯಾಲಯದಲ್ಲಿ ಅವರು ಆರಂಭಿಸಿದ ಸೆಮಿನಾರ್ ಶಾಲಾ ಮೇಷ್ಟರನ್ನು ತಯಾರು ಮಾಡುವುದಕ್ಕೇ ಮೀಸಲು. 1810ರಲ್ಲಿ ಪ್ರಷ್ಯಾ ಸರ್ಕಾರ ಶಿಕ್ಷಕರಾಗುವವರಿಗೆ ಪರೀಕ್ಷೆಯನ್ನೇ ಇಟ್ಟಿತು. ಗ್ರೀಕ್ ವ್ಯಾಕರಣ ಬಲ್ಲವನಿಗೆ ಚರ್ಚಿನ ಹಂಗಿಲ್ಲದೆ ಅನ್ನ ಹುಟ್ಟುವ ದಾರಿ ತೆರೆಯಿತು. ಒಂದು ವಿದ್ಯೆ ವೃತ್ತಿಯಾಗುವುದು ಹೀಗೆ ಎಂದು ನಾನು ನಂಬುತ್ತೇನೆ: ಯಾರೋ ಅದಕ್ಕೊಂದು ಪರೀಕ್ಷೆ, ಒಂದು ಸಂಬಳ ಗೊತ್ತು ಮಾಡಬೇಕು.

ಇದನ್ನು ಅಮೆರಿಕದಲ್ಲಿ ಬೇರೂರಿಸಿದವರಲ್ಲಿ ಬೇಸಿಲ್ ಗಿಲ್ಡರ್‌ಸ್ಲೀವ್ ಪ್ರಮುಖರು. 1853ರಲ್ಲಿ ಗಟ್ಟಿಂಗೆನ್‌ನಿಂದ ಪಿಎಚ್‌.ಡಿ. ಪಡೆದರು. ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದಾಗ ಅಂತರ್ಯುದ್ಧ ಬಂತು. ಗುಲಾಮಗಿರಿಯ ಪರವಾಗಿದ್ದ ದಕ್ಷಿಣದ ಸೇನೆಯಲ್ಲಿ ಹೋರಾಡಿ ಕಾಲಿಗೆ ಗಾಯ ಮಾಡಿಕೊಂಡರು. 1876ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಸೇರಿ ಜರ್ಮನ್ ಮಾದರಿಯಲ್ಲೇ ಪಿಎಚ್‌.ಡಿ. ವಿದ್ಯಾರ್ಥಿಗಳನ್ನು ತಿದ್ದಿದರು. ಅಲ್ಲಿಂದ ಮುಂದೆ ಆ ಮೂರಕ್ಷರವೇ ನೌಕರಿಯ ರಹದಾರಿ.

ಹೀಗೆ ಹೆಚ್ಚುತ್ತಿದ್ದ ಮೇಷ್ಟರು ಒಂದೆಡೆ ಸೇರುವ ಜಾಗ ಅದಕ್ಕೂ ಮೊದಲೇ ಹುಟ್ಟಿತ್ತು. 1869ರ ಜುಲೈಯಲ್ಲಿ ನ್ಯೂಯಾರ್ಕ್ ರಾಜ್ಯದ ಪೊಕಿಪ್ಸಿ ಎಂಬ ಊರಿನಲ್ಲಿ ಅಮೆರಿಕನ್ ಫಿಲಲಾಜಿಕಲ್ ಅಸೋಸಿಯೇಷನ್ನಿನ ಮೊದಲ ವಾರ್ಷಿಕ ಸಭೆ ನಡೆಯಿತು. ಮೊದಲ ಅಧ್ಯಕ್ಷರು ವಿಲಿಯಂ ಡ್ವೈಟ್ ವಿಟ್ನಿ. ಅಥರ್ವವೇದವನ್ನು ಸಂಪಾದಿಸಿದ, ಇಂದಿಗೂ ಸಂಸ್ಕೃತ ವಿದ್ಯಾರ್ಥಿಗಳು ತೆರೆದು ನೋಡುವ ವ್ಯಾಕರಣ ಬರೆದ ಅದೇ ವಿಟ್ನಿ! ಗ್ರೀಕ್, ಲ್ಯಾಟಿನ್, ಸಂಸ್ಕೃತಗಳು ಒಂದೇ ಮನೆಯ ಮಕ್ಕಳೆಂಬ ಅರಿವು ಆ ಸಭೆಯ ತಳಹದಿಯಲ್ಲೇ ಇತ್ತು.

ಆ ಸಭೆಯ ಬಾಗಿಲು ಯಾರಿಗೆ ಎಷ್ಟು ತೆರೆದಿತ್ತು? ಆಬಿ ಲೀಚ್ 1878ರಲ್ಲಿ ಹಾರ್ವರ್ಡ್ ಪ್ರಾಧ್ಯಾಪಕರ ಮನೆಬಾಗಿಲಿಗೆ ಹೋಗಿ, ಹೆಣ್ಣುಮಕ್ಕಳಿಗೆ ಪ್ರವೇಶವಿಲ್ಲದಿದ್ದರೆ ಖಾಸಗಿಯಾಗಿಯಾದರೂ ಪಾಠ ಹೇಳಿ ಎಂದು ಕೇಳಿ ಗ್ರೀಕ್ ಕಲಿತವರು. ಆಮೇಲೆ ಪೊಕಿಪ್ಸಿಯ ವಾಸರ್ ಕಾಲೇಜಿನಲ್ಲಿ ಪ್ರಾಧ್ಯಾಪಕಿಯಾದರು. 1899ರಲ್ಲಿ ಅದೇ ಸಂಘದ ಮೊದಲ ಮಹಿಳಾ ಅಧ್ಯಕ್ಷರೂ ಆದರು.

ವಿಲಿಯಂ ಸ್ಯಾಂಡರ್ಸ್ ಸ್ಕಾರ್ಬರೋ ಅವರ ಕಥೆ ಇದಕ್ಕಿಂತ ಕಠಿಣ. 1852ರಲ್ಲಿ ಜಾರ್ಜಿಯಾದ ಮೇಕನ್ನಿನಲ್ಲಿ ಗುಲಾಮರಾಗಿಯೇ ಹುಟ್ಟಿದರು. ಗುಲಾಮರಿಗೆ ಅಕ್ಷರ ಕಲಿಸುವುದು ಅಲ್ಲಿ ಅಪರಾಧ. ಪುಸ್ತಕ ಬಚ್ಚಿಟ್ಟುಕೊಂಡು, ಆಡಲು ಹೋಗುವ ನೆಪದಲ್ಲಿ ಓದು ಕಲಿತ ಹುಡುಗ. ಯುದ್ಧ ಮುಗಿದ ಮೇಲೆ ಓಬರ್ಲಿನ್ ಕಾಲೇಜಿನಲ್ಲಿ ಪದವಿ ಪಡೆದು, ಒಹಾಯೋದ ವಿಲ್ಬರ್‌ಫೋರ್ಸ್‌ನಲ್ಲಿ ಅಧ್ಯಾಪಕರಾದರು. 1881ರಲ್ಲಿ ಅವರು ಬರೆದ ಗ್ರೀಕ್ ಪ್ರಥಮ ಪಾಠಗಳ ಪುಸ್ತಕ ನ್ಯೂಯಾರ್ಕಿನಲ್ಲಿ ಅಚ್ಚಾಯಿತು. ಕರಿಯರ ತಲೆಗೆ ಗ್ರೀಕ್ ಹತ್ತುವುದಿಲ್ಲ ಎಂಬ ಮಾತು ಚಲಾವಣೆಯಲ್ಲಿದ್ದ ಕಾಲದಲ್ಲಿ ಹೀಗೊಂದು ಪುಸ್ತಕ. ಮರುವರ್ಷ ಸಂಘದ ಸದಸ್ಯರಾದರು. 1892ರ ಸಭೆ ನಡೆದದ್ದು ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ. ಜೆಫರ್ಸನ್ ಕಟ್ಟಿಸಿದ, ಗಿಲ್ಡರ್‌ಸ್ಲೀವ್ ಪಾಠ ಮಾಡಿದ್ದ ಆ ನೆಲದಲ್ಲಿ ಸ್ಕಾರ್ಬರೋ ಪ್ಲೇಟೋನ ಕೃತಿಗಳ ಕಾಲಾನುಕ್ರಮ ಕುರಿತು ಪ್ರಬಂಧ ಓದಿದರು. ಕೇಳುಗರು ಅವರ ಸಹ ಸದಸ್ಯರು. ಆದರೆ 1909ರಲ್ಲಿ ಬಾಲ್ಟಿಮೋರ್‌ನಲ್ಲಿ ಸಭೆ ಸೇರಿದಾಗ, ಸದಸ್ಯರ ಭೋಜನಕ್ಕೆ ಗೊತ್ತಾಗಿದ್ದ ಹೋಟೆಲಿನವರು ಕರಿಯ ಅತಿಥಿಗೆ ಬಡಿಸಲು ಒಪ್ಪಲಿಲ್ಲ. ಆಗ ಅವರು ವಿಲ್ಬರ್‌ಫೋರ್ಸ್‌ನ ಅಧ್ಯಕ್ಷರು. ಸಭೆಗೆ ಹೋಗಲಿಲ್ಲ. ಸಂಘದ ಸದಸ್ಯತ್ವ ಪಟ್ಟಿಯಲ್ಲಿ ಹೆಸರಿದ್ದೂ ಊಟದ ಪಂಕ್ತಿಯಲ್ಲಿ ಎಲೆ ಇಲ್ಲದ ಸ್ಥಿತಿ ಅದು.

ಊಟದ ಮೇಜಿನಿಂದ ಹೊರಗಿರುವುದೆಂದರೆ ಆ ಕಾಲದಲ್ಲಿ ನೌಕರಿಯಿಂದಲೂ ಹೊರಗಿರುವುದೇ. ಏಕೆಂದರೆ ಇಪ್ಪತ್ತನೆಯ ಶತಮಾನದ ಬಹುಪಾಲು ಹುದ್ದೆಗಳು ತುಂಬುತ್ತಿದ್ದುದು ಪತ್ರಗಳಲ್ಲಿ, ಪರಿಚಯಗಳಲ್ಲಿ. ನಿಮ್ಮಲ್ಲಿ ಒಳ್ಳೆಯ ಹುಡುಗ ಇದ್ದಾನೆಯೇ ಎಂದು ಒಬ್ಬ ಪ್ರಾಧ್ಯಾಪಕ ಮತ್ತೊಬ್ಬನಿಗೆ ಬರೆದರೆ ಮುಗಿಯಿತು. ಎರಡನೆಯ ಮಹಾಯುದ್ಧದ ನಂತರ ಕಾಲೇಜುಗಳು ತುಂಬಿ ತುಳುಕಿದವು. ಯುದ್ಧದಿಂದ ಮರಳಿದ ಸೈನಿಕರಿಗೆ ಬ್ರೂಕ್ಲಿನ್ ಕಾಲೇಜಿನಲ್ಲಿ ಲ್ಯಾಟಿನ್ ಕಲಿಸಿದ ಫ್ರೆಡರಿಕ್ ವೀಲಾಕ್, ಆ ಪಾಠಗಳನ್ನೇ 1956ರಲ್ಲಿ ಪುಸ್ತಕವಾಗಿಸಿದರು. ಇಂದಿಗೂ ಅದು ಬಳಕೆಯಲ್ಲಿದೆ. ಸುಗ್ಗಿ ಹೆಚ್ಚು ದಿನ ಉಳಿಯಲಿಲ್ಲ. 1962ರಲ್ಲಿ ಅಮೆರಿಕದ ಪ್ರೌಢಶಾಲೆಗಳಲ್ಲಿ ಲ್ಯಾಟಿನ್ ಓದುತ್ತಿದ್ದವರು ಸುಮಾರು 7 ಲಕ್ಷ. 1976ಕ್ಕೆ ಸುಮಾರು 1.5 ಲಕ್ಷ. ಓದಿದವರು ಹೆಚ್ಚು, ಕುರ್ಚಿ ಕಡಿಮೆ ಎಂದಾದಾಗ ಪತ್ರವ್ಯವಹಾರದ ಗುಟ್ಟು ಸಾಲದು. ಎಲ್ಲರ ಕಣ್ಣಿಗೂ ಬೀಳುವ ಜಾಹೀರಾತು ಬೇಕು, ಎಲ್ಲರಿಗೂ ಒಂದೇ ರೀತಿಯ ಸಂದರ್ಶನ ಬೇಕು.

ಅದಕ್ಕೆ ಸಿಕ್ಕ ಜಾಗ ಸಂಘದ ವಾರ್ಷಿಕ ಸಮ್ಮೇಳನ. ಪುರಾತತ್ತ್ವ ಸಂಸ್ಥೆಯ ಜೊತೆಗೂಡಿ ನಡೆಯುತ್ತಿದ್ದ ಅದು ಮೊದಲು ಕ್ರಿಸ್ಮಸ್ ಮುಗಿದ ವಾರದಲ್ಲಿ, 2000ದ ಆಸುಪಾಸಿನಿಂದ ಜನವರಿಯ ಮೊದಲ ವಾರದಲ್ಲಿ. ದೊಡ್ಡ ನಗರದ ದೊಡ್ಡ ಹೋಟೆಲು. ಕೆಳಗಿನ ಸಭಾಂಗಣಗಳಲ್ಲಿ ಹೋರೇಸ್, ಥುಸಿಡಿಡೀಸ್ ಕುರಿತ ಪ್ರಬಂಧಗಳು. ಮೇಲಿನ ಕೋಣೆಗಳಲ್ಲಿ ಸಂದರ್ಶನ. ಹೊಸ ಸೂಟು ತೊಟ್ಟ ಅಭ್ಯರ್ಥಿ ಕಾರಿಡಾರಿನಲ್ಲಿ ನಿಂತು ಗಡಿಯಾರ ನೋಡುತ್ತಾಳೆ; ಹಿಂದಿನವನು ಹೊರಬಂದು ಮುಖ ತಪ್ಪಿಸಿ ಹೋಗುತ್ತಾನೆ. ಒಳಗೆ ಮೂರು ನಾಲ್ಕು ಪ್ರಾಧ್ಯಾಪಕರು. ನಿಮ್ಮ ಸಂಶೋಧನೆಯನ್ನು ಎರಡು ನಿಮಿಷದಲ್ಲಿ ಹೇಳಿ. ಮೊದಲ ವರ್ಷದ ಲ್ಯಾಟಿನ್‌ಗೆ ವೀಲಾಕ್ ಹಿಡಿಯುತ್ತೀರೋ, ಬೇರೆಯೋ? ಅರ್ಧ ಗಂಟೆಯಲ್ಲಿ ಮುಗಿದೇ ಹೋಯಿತು. ವಿಮಾನದ ಟಿಕೆಟ್ಟು, ಕೋಣೆಯ ಬಾಡಿಗೆ ಸಾಮಾನ್ಯವಾಗಿ ಅಭ್ಯರ್ಥಿಯದೇ ಹೊರೆ. ನಮ್ಮ ಅತಿಥಿ ಉಪನ್ಯಾಸಕರ ಪಾಡು ಬಲ್ಲವರಿಗೆ ಇದರ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಏರ್ಪಾಡಿನ ದೌರ್ಬಲ್ಯವನ್ನು ಹವಾಮಾನವೇ ಬಯಲು ಮಾಡಿತು. 2018ರ ಜನವರಿ 4ರಂದು, ಬಾಸ್ಟನ್ನಿನಲ್ಲಿ ಸಮ್ಮೇಳನ ಶುರುವಾಗುವ ದಿನವೇ, ಭಾರಿ ಹಿಮಬಿರುಗಾಳಿ ಬೀಸಿ ವಿಮಾನಗಳು ರದ್ದಾದವು. ಎಷ್ಟೋ ಜನ ಊರು ತಲುಪಲೇ ಇಲ್ಲ. ವಿಡಿಯೊ ಕರೆಯಲ್ಲಿ ಮಾತಾಡಿಸಬಹುದಾದರೆ ಈ ಖರ್ಚು ಯಾಕೆ ಎಂಬ ಪ್ರಶ್ನೆಗೆ ಇನ್ನಷ್ಟು ಬಲ ಬಂತು. 2021ರಲ್ಲಿ ಕೋವಿಡ್‌ನಿಂದಾಗಿ ಸಮ್ಮೇಳನವೇ ಪೂರ್ತಿ ಆನ್‌ಲೈನ್ ಆಯಿತು. ಮೊದಲ ಸುತ್ತಿನ ಸಂದರ್ಶನ ಕಂಪ್ಯೂಟರ್ ಪರದೆಗೆ ಬಂದದ್ದು ನನ್ನ ಮಟ್ಟಿಗೆ ಇಡೀ ಚರಿತ್ರೆಯಲ್ಲೇ ಅತ್ಯಂತ ನ್ಯಾಯದ ಬದಲಾವಣೆ.

ಆದರೆ ಪರದೆ ಎಲ್ಲವನ್ನೂ ಸರಿಮಾಡದು. 2019ರಲ್ಲಿ, ಸಂಘಕ್ಕೆ 150 ತುಂಬಿದ ಸ್ಯಾನ್ ಡಿಯಾಗೋ ಸಮ್ಮೇಳನದಲ್ಲಿ, ಬಿಳಿಯರಲ್ಲದ ಇಬ್ಬರು ಪ್ರತಿನಿಧಿಗಳನ್ನು ಹೋಟೆಲಿನ ಕಾವಲುಗಾರರು ತಡೆದು ಗುರುತಿನ ಬಿಲ್ಲೆ ಕೇಳಿದರು. ಈ ವಿದ್ಯೆಯ ಭವಿಷ್ಯ ಕುರಿತ ಗೋಷ್ಠಿಯಲ್ಲಿ, ಡೊಮಿನಿಕನ್ ಗಣರಾಜ್ಯದಲ್ಲಿ ಹುಟ್ಟಿ ಪ್ರಿನ್ಸ್‌ಟನ್ನಿನಲ್ಲಿ ರೋಮ್ ಇತಿಹಾಸ ಕಲಿಸುವ ಡಾನೆಲ್ ಪಡಿಲ್ಲಾ ಪೆರಾಲ್ಟಾ ಅವರಿಗೆ, ನಿಮಗೆ ಕೆಲಸ ಸಿಕ್ಕಿದ್ದು ಕರಿಯರೆಂಬ ಕಾರಣಕ್ಕಿರಬಹುದು ಎಂದು ಸಭಿಕರೊಬ್ಬರು ಮುಖಕ್ಕೇ ಹೇಳಿದರು. ಬಾಲ್ಟಿಮೋರ್‌ನ ಆ ಭೋಜನಕ್ಕೂ ಇದಕ್ಕೂ ನಡುವೆ 110 ವರ್ಷ.

ಈಗಿನ ಚಿಂತೆ ಕುರ್ಚಿಗಳದು. ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯ ಕರಿಯರಿಗಾಗಿ 1867ರಲ್ಲಿ ಸ್ಥಾಪನೆಯಾದದ್ದು. ಅಂಥ ವಿಶ್ವವಿದ್ಯಾಲಯಗಳಲ್ಲಿ ಗ್ರೀಕ್ ಮತ್ತು ಲ್ಯಾಟಿನ್‌ಗೆ ಸ್ವಂತ ವಿಭಾಗ ಉಳಿಸಿಕೊಂಡಿದ್ದದ್ದು ಅದೊಂದೇ. 2021ರಲ್ಲಿ ಆ ವಿಭಾಗವನ್ನು ಮುಚ್ಚುವ ತೀರ್ಮಾನವಾಯಿತು. ವಿದ್ಯಾರ್ಥಿಗಳು ಮನವಿ ಸಲ್ಲಿಸಿದರು, ತತ್ತ್ವಶಾಸ್ತ್ರಜ್ಞ ಕಾರ್ನೆಲ್ ವೆಸ್ಟ್ ವಾಷಿಂಗ್ಟನ್ ಪೋಸ್ಟ್‌ನಲ್ಲಿ ವಿರೋಧಿಸಿ ಬರೆದರು. ತೀರ್ಮಾನ ಬದಲಾಗಲಿಲ್ಲ. ಕಾಯಂ ಅಧ್ಯಾಪಕರನ್ನು ಬೇರೆ ವಿಭಾಗಗಳಿಗೆ ಹಂಚಿದರು. ಗುತ್ತಿಗೆಯ ಮೇಲಿದ್ದವರ ಒಪ್ಪಂದ ಮುಂದುವರಿಯಲಿಲ್ಲ.