ಸಸಿಯ ಬೆಲೆ

ಸತ್ತವರ ಹೆಸರನ್ನು ಉಳಿಸುವ ಬಗೆಗಳು ನಮ್ಮ ನಾಡಿನಲ್ಲಿ ಹಲವು ಉಂಟು. ತುರುಗೊಳ್‌ನಲ್ಲಿ ಕಾದಿ ಮಡಿದವನಿಗೆ ವೀರಗಲ್ಲು ನಿಂತಿತು. ವ್ರತದಿಂದ ದೇಹ ಬಿಟ್ಟವರಿಗೆ ನಿಸಿದಿಗಲ್ಲು ನಿಂತಿತು. ಕಲ್ಲು ನಿಲ್ಲಿಸುವಷ್ಟು ದೊಡ್ಡ ಹೆಸರಿಲ್ಲದ ಗೃಹಸ್ಥರು ತಮ್ಮವರ ನೆನಪಿಗಾಗಿ ಬಾವಿ ತೋಡಿಸಿದರು, ಬೇಸಗೆಯಲ್ಲಿ ಅರವಟ್ಟಿಗೆ ಇಡಿಸಿದರು, ದಾರಿಯ ಬದಿಯಲ್ಲಿ ತೋಪು ಹಾಕಿಸಿದರು. ಈಚೆಗೆ ಪ್ರತಿಮೆ, ವೃತ್ತಕ್ಕೆ ನಾಮಕರಣ, ವರ್ಷಕ್ಕೊಮ್ಮೆ ಹಾರ ಮತ್ತು ಭಾಷಣ ಇವು ರೂಢಿಗೆ ಬಂದಿವೆ. ಇವುಗಳ ನಡುವೆ ಇನ್ನೂ ಒಂದು ಪದ್ಧತಿ ಮೆಲ್ಲಗೆ ತಲೆಯೆತ್ತುತ್ತಿದೆ. ಪರೋಪಕಾರದಲ್ಲಿ ಬಾಳಿದವರೊಬ್ಬರು ತೀರಿಕೊಂಡರೆ, ಅವರ ಹೆಸರಿನಲ್ಲಿ ನೆರೆಹೊರೆಯವರು ಸೇರಿ ಗಿಡಗಳನ್ನು ಮಾರುವುದು; ಬಂದ ಹಣವನ್ನು ಒಂದು ಒಳ್ಳೆಯ ಕೆಲಸಕ್ಕೆ ಒಪ್ಪಿಸುವುದು. ದಾನದ ಹೆಸರಿನಲ್ಲಿ ಮಾರಾಟವೇ ಎಂದು ಕೆಲವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಆ ಪ್ರಶ್ನೆಯನ್ನು ಕೊಂಚ ನಿಧಾನವಾಗಿ ವಿಚಾರಿಸಬೇಕೆಂಬುದೇ ಈ ಲೇಖನದ ಉದ್ದೇಶ.

ಈ ಪದ್ಧತಿಗೆ ಹೋಲುವ ಒಂದು ಹಳೆಯ ನಿದರ್ಶನ ಇಂಗ್ಲೆಂಡಿನಲ್ಲಿದೆ. ರಾಣಿ ಅಲೆಕ್ಸಾಂಡ್ರ ೧೯೨೫ರಲ್ಲಿ ತೀರಿಕೊಂಡಾಗ, ಆಕೆ ಪೋಷಿಸುತ್ತಿದ್ದ ದಾದಿಯರ ಸಂಸ್ಥೆ ಆಕೆಯ ನೆನಪಿಗಾಗಿ ನಿಧಿಯೊಂದನ್ನು ಕೂಡಿಸಲು ಯೋಚಿಸಿತು. ಬಡವರ ಮನೆ ಬಾಗಿಲಿಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುತ್ತಿದ್ದ ದಾದಿಯರ ಸಂಸ್ಥೆ ಅದು. ಅದರ ಆಡಳಿತ ಸಮಿತಿಯಲ್ಲಿದ್ದ ಎಲ್ಸಿ ವ್ಯಾಗ್ ಎಂಬ ಮಹಿಳೆ ಒಂದು ಸಲಹೆ ಕೊಟ್ಟರು: ಸಿರಿವಂತರ ಮನೆಯ ತೋಟಗಳನ್ನು ಜನರಿಗೆ ತೆರೆದಿಟ್ಟು, ಒಬ್ಬೊಬ್ಬರಿಂದ ಒಂದು ಷಿಲಿಂಗ್ ಪಡೆದರೆ ಹೇಗೆ? ೧೯೨೭ರಲ್ಲಿ ೬೦೯ ತೋಟಗಳು ಹಾಗೆ ತೆರೆದವು; ಎಂಟು ಸಾವಿರ ಪೌಂಡಿಗೂ ಮಿಕ್ಕ ಹಣ ಕೂಡಿತು. ಆ ವ್ಯವಸ್ಥೆ ಇಂದಿಗೂ ನಡೆದುಬಂದಿದೆ. ತೋಟ ನೋಡಲು ಬಂದವರಿಗೆ ಚಹ ಸಿಗುತ್ತದೆ, ಕೊಂಡೊಯ್ಯಲು ಕುಂಡದಲ್ಲಿ ಗಿಡವೂ ಸಿಗುತ್ತದೆ. ಒಂದು ಸಾವಿನ ನೆನಪು, ಹೂವಿನ ತೋಟ, ರೋಗಿಯ ಶುಶ್ರೂಷೆ ಈ ಮೂರೂ ಅಲ್ಲಿ ಹೀಗೆ ಒಂದೇ ಎಳೆಯಲ್ಲಿ ಹೆಣೆದುಕೊಂಡವು.

ನಮ್ಮ ಸೀಮೆಯಲ್ಲಿ ಇದನ್ನು ನೆನೆಯುವುದಕ್ಕೆ ಕಾರಣವಿದೆ. ೨೦೨೫ರ ನವೆಂಬರ್ ೧೪ರಂದು ಸಾಲುಮರದ ತಿಮ್ಮಕ್ಕನವರು ಬೆಂಗಳೂರಿನಲ್ಲಿ ಕಣ್ಮುಚ್ಚಿದರು. ಆಗ ಅವರಿಗೆ ೧೧೪ ವರ್ಷವೆಂದು ಲೆಕ್ಕ. ಹುಟ್ಟಿದ್ದು ಗುಬ್ಬಿ ತಾಲ್ಲೂಕಿನಲ್ಲಿ. ಬಾಳಿದ್ದು ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಲ್ಲಿ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಕಲ್ಲುಗಣಿಯಲ್ಲಿ ಕೂಲಿ ಮಾಡಿದವರು. ಮದುವೆಯಾಗಿ ವರ್ಷಗಳು ಕಳೆದರೂ ಮಕ್ಕಳಾಗಲಿಲ್ಲ. ಅಂಥ ಹೆಂಗಸಿಗೆ ಹಳ್ಳಿಯ ಬಾಯಿ ಏನನ್ನು ಕೊಡುತ್ತದೆ ಎಂಬುದನ್ನು ನಮ್ಮ ಹಳ್ಳಿಗಳನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ನೋವಿಗೆ ಆಕೆಯೂ ಪತಿ ಚಿಕ್ಕಯ್ಯನವರೂ ಕಂಡುಕೊಂಡ ಮದ್ದು ಆಲದ ಸಸಿ. ಊರ ಸುತ್ತ ಧಾರಾಳವಾಗಿದ್ದ ಆಲದ ಮರಗಳಿಂದಲೇ ಸಸಿ ಮಾಡಿಕೊಂಡು, ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ದಾರಿಯಲ್ಲಿ ಮೊದಲ ವರ್ಷ ೧೦, ಎರಡನೆಯ ವರ್ಷ ೧೫, ಮೂರನೆಯ ವರ್ಷ ೨೦ ನೆಟ್ಟರು. ಹೀಗೆ ಬೆಳೆದ ಸಾಲು ಕೊನೆಗೆ ನಾಲ್ಕು ಕಿಲೋಮೀಟರಿನಷ್ಟು ಉದ್ದಕ್ಕೆ ೩೮೫ ಮರಗಳಾಗಿ ನಿಂತಿತು.

ಈ ಅಂಕಿಗಳನ್ನು ಶಾಲೆಯ ಮಕ್ಕಳೂ ಬಾಯಿಪಾಠ ಒಪ್ಪಿಸುತ್ತಾರೆ. ಆದರೆ ಈ ಕಥೆಯ ತಿರುಳು ನೆಟ್ಟ ಸಸಿಗಳ ಎಣಿಕೆಗಿಂತ ಹೊತ್ತ ನೀರಿನಲ್ಲಿದೆ ಎಂದು ನನಗೆ ತೋರುತ್ತದೆ. ಗಂಡ ಹೆಂಡಿರಿಬ್ಬರೂ ಕೊಡಗಳಲ್ಲಿ ನೀರು ಹೊತ್ತು ಮೈಲಿಗಟ್ಟಲೆ ನಡೆದರು; ದನಕರು ಬಾಯಿ ಹಾಕದಂತೆ ಪ್ರತಿಯೊಂದು ಸಸಿಗೂ ಮುಳ್ಳು ಕಟ್ಟಿದರು. ಮಳೆಗಾಲದ ಮುಂದೆ ನೆಟ್ಟದ್ದಕ್ಕೆ ಮಳೆಯ ಆಸರೆ ಸಿಕ್ಕೀತು. ಆದರೆ ಮಾಗಡಿ ಸೀಮೆಯ ಬೇಸಗೆಯನ್ನು ಸಸಿಯೊಂದು ಒಂಟಿಯಾಗಿ ದಾಟುವುದು ಸುಲಭವಲ್ಲ. ನೆಡುವುದು ಒಂದು ದಿನದ ಉತ್ಸಾಹ. ನೀರು ಹೊರುವುದು ವರ್ಷಗಳ ಜೀತ. ಆ ಜೀತವನ್ನು ಯಾರ ಅಪ್ಪಣೆಯೂ ಇಲ್ಲದೆ, ಯಾರ ಕೂಲಿಯೂ ಇಲ್ಲದೆ ಮಾಡಿದವರು ಇವರು. ದಾರಿಗಳಲ್ಲಿ ಆಲದ ಮರಗಳನ್ನು ನೆಡಿಸಿ ಮನುಷ್ಯರಿಗೂ ಪಶುಗಳಿಗೂ ನೆರಳು ಮಾಡಿದೆನೆಂದು ಅಶೋಕ ಚಕ್ರವರ್ತಿ ತನ್ನ ಏಳನೆಯ ಸ್ತಂಭಶಾಸನದಲ್ಲಿ ಬರೆಯಿಸಿದ್ದಾನೆ. ಆತನ ಹಿಂದೆ ಬೊಕ್ಕಸವಿತ್ತು, ಅಧಿಕಾರಿಗಳಿದ್ದರು. ತಿಮ್ಮಕ್ಕನವರ ಹಿಂದೆ ಇದ್ದದ್ದು ನೀರಿನ ಕೊಡವೊಂದೇ.

ಇನ್ನೂ ಒಂದು ವಿಷಯ. ನೆಡುವುದಾದರೆ ತೇಗ ನೆಡಬಹುದಿತ್ತು, ಮಾವು ಹಲಸು ನೆಡಬಹುದಿತ್ತು. ಆಲ ಸಂತೆಯಲ್ಲಿ ಬೆಲೆ ಬಾಳುವ ಮರವಲ್ಲ. ಅದರ ಮರಮುಟ್ಟಿಗೆ ಬಡಗಿಯಲ್ಲಿ ಮರ್ಯಾದೆ ಕಡಿಮೆ; ಅದರ ಹಣ್ಣು ಮನುಷ್ಯನ ಊಟದೆಲೆಗೆ ಬರುವುದಿಲ್ಲ. ಹಕ್ಕಿಗೆ ಹಣ್ಣು, ಆಡು ಕುರಿಗಳಿಗೆ ಸೊಪ್ಪು, ದಾರಿಹೋಕನಿಗೆ ನೆರಳು, ಇಷ್ಟೇ ಅದರ ಆದಾಯ. ನೆಟ್ಟವರ ಕೈಗೆ ಒಂದು ಕಾಸೂ ಮರಳದ ಮರವನ್ನೇ ಅವರು ಆರಿಸಿಕೊಂಡರೆಂಬುದನ್ನು ನಾವು ಗಮನಿಸಬೇಕು.

ಕನ್ನಡ ಪಾಠ ಹೇಳುವವನಾದುದರಿಂದ ಅವರ ಹೆಸರಿನ ಬಗೆಗೆ ಒಂದು ಮಾತು ಹೇಳುವ ಆಸೆಯನ್ನು ತಡೆಯಲಾರೆ. ನಮ್ಮಲ್ಲಿ ಹೆಸರಿನ ಹಿಂದೆ ಊರನ್ನು ಹೇಳುವುದುಂಟು, ಮನೆತನವನ್ನು ಹೇಳುವುದುಂಟು, ಕಸುಬನ್ನು ಹೇಳುವುದುಂಟು. ‘ಸಾಲುಮರದ’ ಎಂಬುದು ಈ ಮೂರನ್ನೂ ಒಟ್ಟಿಗೆ ಹೇಳುತ್ತದೆ. ಮರದ ಸಾಲೇ ಅವರ ಊರು, ಅದೇ ಮನೆತನ, ಅದೇ ಕಸುಬು. ೧೯೯೫ರ ರಾಷ್ಟ್ರೀಯ ಪೌರ ಪ್ರಶಸ್ತಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಪದವಿ, ೨೦೧೯ರ ಪದ್ಮಶ್ರೀ ಇವೆಲ್ಲ ಆಮೇಲೆ ಬಂದವು. ಜನ ಕೊಟ್ಟ ಬಿರುದು ಅವುಗಳಿಗಿಂತ ಹೆಚ್ಚು ಬಳಕೆಯಲ್ಲಿ ಉಳಿಯಿತು. ಪದ್ಮಶ್ರೀ ಸ್ವೀಕರಿಸುವಾಗ ಆಕೆ ರಾಷ್ಟ್ರಪತಿಗಳ ಹಣೆಯನ್ನು ಮುಟ್ಟಿ ಹರಸಿದುದನ್ನು ದೇಶವೆಲ್ಲ ನೋಡಿತು. ಶಿಷ್ಟಾಚಾರದ ಪುಸ್ತಕದಲ್ಲಿ ಅದಕ್ಕೆ ಎಡೆಯಿಲ್ಲ. ನಮ್ಮ ಹಳ್ಳಿಯ ಹಿರಿಯಜ್ಜಿಯ ಕೈಗೆ ಅದು ಸಹಜ.

ಅವರು ತೀರಿಕೊಂಡ ದಿನಗಳಲ್ಲಿ ನಮ್ಮ ವಿದ್ಯಾರ್ಥಿಗಳು ಏನಾದರೊಂದು ಮಾಡಬೇಕೆಂದು ನನ್ನ ಕೊಠಡಿಗೆ ಬಂದರು. ಭಾವಚಿತ್ರಕ್ಕೆ ಹಾರ ಹಾಕಿ ಎರಡು ನಿಮಿಷ ಮೌನವಾಗಿರುವುದು ಆಗಿತ್ತು. ಅವರಿಗೆ ಅಷ್ಟು ಸಾಲದೆನಿಸಿತ್ತು. ಮುಂದಿನ ಮುಂಗಾರಿಗೆ ಕಾಲೇಜಿನ ಅಂಗಳದಲ್ಲಿ ಸಸಿಗಳ ಮಾರಾಟ ಇಟ್ಟು, ಬಂದ ಹಣವನ್ನು ಧರ್ಮಕಾರ್ಯಕ್ಕೆ ಕೊಡಬೇಕೆಂದು ಕೆಲವರು ಸೂಚಿಸಿದರು. ಒಬ್ಬ ಹುಡುಗನಿಗೆ ಅದು ಹಿಡಿಸಲಿಲ್ಲ. “ಆ ಅಜ್ಜಿ ದುಡ್ಡು ಇಸ್ಕೊಂಡು ನೆಟ್ಟರಾ ಸರ್? ಅವರ ಹೆಸರಲ್ಲಿ ಗಿಡ ಮಾರೋದು ಅಂದ್ರೆ ಏನು?” ಎಂದ. ಮಾತಿನಲ್ಲಿ ನ್ಯಾಯವಿತ್ತು. ಆಗ ಮಾಗಡಿ ಕಡೆಯಿಂದ ದಿನವೂ ಬಸ್ಸಿನಲ್ಲಿ ಬರುವ ಹುಡುಗಿಯೊಬ್ಬಳು, “ಪುಕ್ಕಟೆ ಕೊಟ್ಟ ಗಿಡ ಬಸ್ಸಿನ ಸೀಟಿನ ಕೆಳಗೇ ಉಳಿಯುತ್ತೆ ಸರ್. ಹತ್ತು ರೂಪಾಯಿ ಕೊಟ್ಟವರು ಮನೆ ತನಕವಾದ್ರೂ ತಗೊಂಡು ಹೋಗ್ತಾರೆ” ಎಂದಳು. ಇದರಲ್ಲಿಯೂ ನ್ಯಾಯವಿತ್ತು. ಬಾಗಿಲ ಬಳಿ ನಿಂತು ಕೇಳುತ್ತಿದ್ದ ನಮ್ಮ ಜವಾನರು ಕೊನೆಗೆ ಕೇಳಿದರು: “ಮಾರೋದೋ ಹಂಚೋದೋ ಆಮೇಲಾಯ್ತು ಸಾರ್. ಬೇಸ್ಗೇಲಿ ನೀರು ಹೊರೋರು ಯಾರು?”

ಮೂವರ ಮಾತಿನಲ್ಲಿಯೂ ಸತ್ಯವಿದ್ದರೂ, ಕೊನೆಯ ಪ್ರಶ್ನೆಯೇ ಹಿರಿದು. ಪ್ರತಿ ವರ್ಷ ಜೂನ್ ೫ರಂದು ನಾಡಿನಲ್ಲೆಲ್ಲ ಸಸಿ ನೆಡುವ ಸಂಭ್ರಮ ನಡೆಯುತ್ತದೆ. ಹಿಂದಿನ ವರ್ಷ ನೆಟ್ಟ ಗುಣಿಯಲ್ಲಿಯೇ ಈ ವರ್ಷವೂ ನೆಡುವ ಪ್ರಸಂಗಗಳನ್ನು ಶಾಲಾ ಕಾಲೇಜುಗಳಲ್ಲಿ ಕೆಲಸ ಮಾಡುವ ನಾವೆಲ್ಲ ಬಲ್ಲೆವು. ದಾನವಾಗಿ ಕೈಸೇರಿದ ಸಸಿಗೆ ಒಡೆಯರು ಹಲವರು, ಪಾಲಕರು ಯಾರೂ ಇಲ್ಲ. ಈ ತೊಡಕನ್ನು ಕೀನ್ಯಾ ದೇಶದ ವಂಗಾರಿ ಮಾತಾಯಿ ಚೆನ್ನಾಗಿ ಅರಿತಿದ್ದರು. ೧೯೭೭ರಲ್ಲಿ ಆಕೆ ಆರಂಭಿಸಿದ ಹಸುರು ಪಟ್ಟಿಯ ಆಂದೋಲನದಲ್ಲಿ ಹಳ್ಳಿಯ ಹೆಂಗಸರು ಸಸಿ ಬೆಳೆಸಿದರು. ಅವರಿಗೆ ಸಿಗುತ್ತಿದ್ದ ಸಣ್ಣ ಪ್ರತಿಫಲ ನೆಟ್ಟು ಬದುಕಿ ಉಳಿದ ಸಸಿಗಳಿಗೆ ಸಲ್ಲುತ್ತಿತ್ತು. ೨೦೦೪ರಲ್ಲಿ ಆಕೆಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ನಮ್ಮ ರಾಜ್ಯದ ಅರಣ್ಯ ಇಲಾಖೆ ೨೦೧೧ರ ಸುಮಾರಿನಲ್ಲಿ ತಂದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯ ಹಿಂದೆಯೂ ಇದೇ ವಿವೇಕವಿದೆ. ರೈತನು ಇಲಾಖೆಯ ನರ್ಸರಿಯಲ್ಲಿ ಕಡಿಮೆ ಬೆಲೆ ಕೊಟ್ಟು ಸಸಿ ಕೊಳ್ಳುತ್ತಾನೆ. ಮೂರು ವರ್ಷಗಳವರೆಗೆ, ಬದುಕಿ ಉಳಿದ ಪ್ರತಿಯೊಂದು ಸಸಿಗೂ ಪ್ರೋತ್ಸಾಹಧನ ಪಡೆಯುತ್ತಾನೆ. ಎಂದರೆ ಸರ್ಕಾರದ ಲೆಕ್ಕದ ಪುಸ್ತಕವೂ ನೆಟ್ಟದ್ದನ್ನು ಬಿಟ್ಟು ಉಳಿದದ್ದನ್ನು ಎಣಿಸಲು ಕಲಿತಿದೆ.

ಆದುದರಿಂದ ಸಸಿಗೆ ಬೆಲೆ ಕಟ್ಟುವುದರಲ್ಲಿ ನನಗೆ ದೋಷ ಕಾಣುವುದಿಲ್ಲ. ಹತ್ತು ರೂಪಾಯಿ ಎಂಬುದು ಸಸಿಯ ಮೌಲ್ಯವಲ್ಲ. ಕೊಂಡವನು ತನಗೆ ತಾನೇ ಹಾಕಿಕೊಂಡ ಮುಚ್ಚಳಿಕೆ. ಆದರೆ ಆ ಬೆಲೆ ಕೊಟ್ಟಲ್ಲಿಗೆ ಋಣ ತೀರಿತೆಂದು ಕೊಂಡವನು ತಿಳಿದರೆ ಮಾರಾಟ ಬರಿಯ ಮಾರಾಟವಾಗುತ್ತದೆ. ತಿಮ್ಮಕ್ಕನವರ ಹೆಸರಿನಲ್ಲಿ ಮಾರುವವರು ಹಣದ ಜೊತೆಗೆ ಒಂದು ಮಾತನ್ನೂ ಇಸಕೊಳ್ಳಬೇಕು: ಮೊದಲ ಮೂರು ಬೇಸಗೆ ನೀರು ಹಾಕುತ್ತೇನೆ, ಮುಳ್ಳು ಕಟ್ಟುತ್ತೇನೆ. ಪುಸ್ತಕದಲ್ಲಿ ಕೊಂಡವರ ಹೆಸರಿನ ಎದುರು ಸಸಿಯ ಜಾತಿಯನ್ನು ಬರೆದಿಟ್ಟು, ಮರುವರ್ಷ ಅದರ ಯೋಗಕ್ಷೇಮ ವಿಚಾರಿಸಲು ವಿದ್ಯಾರ್ಥಿಗಳನ್ನು ಕಳುಹಿಸಿದರೆ, ಅವರಿಗೆ ತಮ್ಮ ತಾಲ್ಲೂಕಿನ ಹಳ್ಳಿಗಳ ಪರಿಚಯವೂ ಆದೀತು.

ಯಾವ ಸಸಿಗಳನ್ನು ಮಾರಬೇಕು? ಈ ಪ್ರಾಂತದ ನೆಲವೇ ಉತ್ತರ ಹೇಳುತ್ತದೆ. ಹೊಲದ ಬದುವಿಗೆ ಹೊಂಗೆ, ಬೇವು. ಹಿತ್ತಿಲಿಗೆ ನೇರಳೆ, ನೆಲ್ಲಿ. ದಾರಿಗೆ ಹುಣಿಸೆ, ಆಲ. ಚನ್ನಪಟ್ಟಣದ ಬೊಂಬೆಗಳಿಗೆ ಬೇಕಾದ ಆಲೆಮರದ ಸಸಿಯನ್ನು ಮರೆಯಬಾರದು. ಮಗುವಿನ ಕೈಯ ಬಣ್ಣದ ಬುಗುರಿ ಯಾವ ಮರದಿಂದ ಬಂತೆಂಬುದನ್ನು ಬೊಂಬೆಯ ಊರಿನ ಸುತ್ತಲಿನವರಾದರೂ ಅರಿತಿರಬೇಕು. ರಾಮನಗರದ ಗೂಡಿನ ಮಾರುಕಟ್ಟೆಯ ಹಿಂದೆ ಇರುವುದು ಹಿಪ್ಪುನೇರಳೆಯ ಕಡ್ಡಿ. ಆ ಕಡ್ಡಿಯನ್ನು ನೆರೆಯವರ ತೋಟದಿಂದ ಕಡಿದು ತಂದು ಊರಿ ಬೆಳೆಸುವ ರೂಢಿ ನಮ್ಮ ರೈತರಿಗೆ ಹೊಸದಲ್ಲ. ಗಿಡದ ಕೊಡುಕೊಳೆ ಈ ಸೀಮೆಯ ನೆರೆಹೊರೆಯ ಧರ್ಮದಲ್ಲಿಯೇ ಸೇರಿದೆ. ಅದಕ್ಕೆ ಒಂದು ಹೆಸರು, ಒಂದು ದಿನ ಗೊತ್ತುಮಾಡುವುದಷ್ಟೇ ನಾವು ಮಾಡಬೇಕಾದದ್ದು.

ಇಲ್ಲಿ ಇನ್ನೊಬ್ಬ ತಾಯಿಯನ್ನೂ ನೆನೆಯದಿದ್ದರೆ ಮಾತು ಅಪೂರ್ಣವಾದೀತು. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ೨೦೨೪ರ ಡಿಸೆಂಬರಿನಲ್ಲಿ ತೀರಿಕೊಂಡರು. ಹಾಲಕ್ಕಿ ಒಕ್ಕಲಿಗರ ಆ ಹೆಂಗಸು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದುಡಿದರು. ಯಾವ ತಾಯಿಮರದಿಂದ ಯಾವ ಹೊತ್ತಿನಲ್ಲಿ ಬೀಜ ಆಯಬೇಕೆಂಬುದು ಅವರ ಬೆರಳ ತುದಿಯಲ್ಲಿತ್ತು. ತಿಮ್ಮಕ್ಕನವರ ಮರಗಳು ಸಾಲಾಗಿ ನಿಂತು ಹೆಸರು ಹೇಳುತ್ತವೆ. ತುಳಸಿ ಗೌಡರ ಸಸಿಗಳು ಕಾಡಿನಲ್ಲಿ ಬೆರೆತು ಯಾರವೆಂದು ಹೇಳಲಾಗದಂತೆ ಬೆಳೆದಿವೆ. ಎರಡು ಬಗೆಯ ಪರೋಪಕಾರಕ್ಕೂ ನಮ್ಮ ನೆನಪಿನಲ್ಲಿ ಸ್ಥಳವಿರಬೇಕು. ಸಸಿ ಮಾರುವ ಮೇಜಿನ ಹಿಂದೆ ಎರಡೂ ಭಾವಚಿತ್ರಗಳಿದ್ದರೆ ಒಪ್ಪುತ್ತದೆ.

ಇನ್ನು ಬಂದ ಹಣದ ವಿನಿಯೋಗ. ತಮ್ಮ ಹಳ್ಳಿಯಲ್ಲಿ ಪತಿಯ ನೆನಪಿಗೆ ಒಂದು ಆಸ್ಪತ್ರೆ ಆಗಬೇಕೆಂಬುದು ತಿಮ್ಮಕ್ಕನವರ ಬಹುಕಾಲದ ಆಸೆಯಾಗಿತ್ತು. ಚಿಕ್ಕಯ್ಯನವರು ತೀರಿಕೊಂಡದ್ದು ೧೯೯೧ರಲ್ಲಿ. ಪತಿಗೆ ಪ್ರತಿಮೆಯನ್ನು ಆಕೆ ಕೇಳಲಿಲ್ಲ. ರೋಗಿಗೆ ಹಾಸಿಗೆಯನ್ನು ಕೇಳಿದರು. ಇಂಗ್ಲೆಂಡಿನ ತೋಟಗಳ ಷಿಲಿಂಗ್ ದಾದಿಯರಿಗೆ ಸಂದ ಹಾಗೆ, ನಮ್ಮ ಸಸಿಗಳ ಹತ್ತು ರೂಪಾಯಿ ಹಳ್ಳಿಯ ಬಾಣಂತಿಯ ಔಷಧಕ್ಕೋ, ಹಾಸಿಗೆ ಹಿಡಿದ ಮುದುಕರ ಆರೈಕೆಗೋ ಸಂದರೆ ಆಕೆಯ ಆಸೆಗೆ ಅದು ಹತ್ತಿರವಾದೀತು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಆತಂಕ ಉಳಿಯುತ್ತದೆ. ೨೦೧೯ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆಯ ಅಗಲೀಕರಣದ ಯೋಜನೆ ಆ ಆಲದ ಸಾಲಿಗೇ ಮುಟ್ಟುವಂತಿತ್ತು. ತಿಮ್ಮಕ್ಕನವರು ಮುಖ್ಯಮಂತ್ರಿಗಳಲ್ಲಿ ಮೊರೆಯಿಟ್ಟರು; ಮರಗಳನ್ನು ಉಳಿಸುವ ಬೇರೆ ದಾರಿ ಹುಡುಕಬೇಕೆಂದು ಸೂಚನೆ ಹೋಯಿತು. ಆಗ ಮೊರೆಯಿಡಲು ನೆಟ್ಟ ಕೈಯೇ ಜೀವಂತವಾಗಿತ್ತು. ಮುಂದೆ ಅಂಥ ಸಂದರ್ಭ ಬಂದರೆ ಮೊರೆಯಿಡುವವರು ಯಾರು? ನೂರು ಮನೆಗಳ ಹಿತ್ತಿಲಿನಲ್ಲಿ ಅವರ ಹೆಸರಿನ ಸಸಿಗೆ ನೀರೆರೆದು ಬೆಳೆಸಿದವರಿದ್ದರೆ, ಒಂದು ಮರ ಬೆಳೆಯುವ ಕಷ್ಟವನ್ನು ಕೈಯಾರೆ ಬಲ್ಲ ನೂರು ಮಂದಿ ಇದ್ದಂತಾಯಿತು. ಅವರು ಸುಮ್ಮನಿರಲಾರರು. ಸಸಿಗಳ ಮಾರಾಟದಿಂದ ಬರಬಹುದಾದ ನಿಜವಾದ ಲಾಭ ಇದೇ ಎಂದು ನನ್ನ ನಂಬಿಕೆ.

ನಮ್ಮ ರಾಮನಗರ ಜಿಲ್ಲೆ ೨೦೦೭ರಲ್ಲಿ ಹುಟ್ಟಿ, ೨೦೨೫ರಲ್ಲಿ ಬೆಂಗಳೂರು ದಕ್ಷಿಣವೆಂದು ಹೆಸರು ಬದಲಿಸಿಕೊಂಡಿತು. ಹೆಸರುಗಳು ಹೀಗೆ ಬರುತ್ತವೆ, ಹೋಗುತ್ತವೆ. ಬೆಂಗಳೂರಿಗೆ ಹತ್ತಿರದ ಕೇತೋಹಳ್ಳಿಯ ದೊಡ್ಡ ಆಲದ ಮರದಲ್ಲಿ ಮೂಲ ಕಾಂಡವೇ ರೋಗ ತಗಲಿ ನಾಶವಾಗಿದೆ. ಆದರೂ ನೆಲಕ್ಕಿಳಿದ ಬಿಳಲುಗಳು ತಾವೇ ಕಾಂಡಗಳಾಗಿ ಮರವನ್ನು ಹೊತ್ತು ನಿಂತಿವೆ. ಕಾಂಡ ಹೋದ ಮೇಲೆ ಮರ ಉಳಿಯುವುದು ಬಿಳಲು ನೆಲ ಮುಟ್ಟಿದ್ದರೆ ಮಾತ್ರ. ಮುಂಗಾರಿಗೆ ಇನ್ನೂ ಕಾಲವಿದೆ. ಗುಣಿ ತೋಡಿ ಗೊಬ್ಬರ ತುಂಬಿಡುವುದಕ್ಕೆ ಇದು ಸರಿಯಾದ ಹೊತ್ತು.